ಶಾಲೆಯ ಮಕ್ಕಳಿಗೆಲ್ಲ ಒಂದೇ ಅಳತೆಯ ಚಾಕೊಲೇಟ್ ಕೇಕ್

ದೊಡ್ಡ ಗುಂಪಿಗೆ ಹಂಚುವ ಚಾಕೊಲೇಟ್ ಕೇಕ್ ಒಂದೇ ಪದರದ್ದು. ಅಗಲವಾದ ಟ್ರೇಯಲ್ಲಿ ಬೇಯುತ್ತದೆ, ಟ್ರೇಯಿಂದ ಕೆಳಗಿಳಿಯದೆಯೇ ಮೇಲೆ ಐಸಿಂಗ್ ಹೊದೆಯುತ್ತದೆ, ಅದೇ ಟ್ರೇಯಲ್ಲಿ ಚೌಕ ಚೌಕವಾಗಿ ತುಂಡಾಗುತ್ತದೆ. ಹುಟ್ಟುಹಬ್ಬದ ಮೇಜಿನ ಮೇಲೆ ಎದ್ದು ಕಾಣುವ ಎರಡು ಮೂರು ಅಂತಸ್ತಿನ ದುಂಡು ಕೇಕಿಗೆ ಅದರದೇ ಅಂದವಿದೆ. ಆದರೆ ಐವತ್ತು ಮಂದಿ ಸಾಲಾಗಿ ನಿಂತಾಗ ಅದು ಕೈಕೊಡುತ್ತದೆ. ಮೂಲೆಮೂಲೆಯಾಗಿ ಕೊಯ್ದ ತುಂಡುಗಳು ಒಂದಕ್ಕೊಂದು ಸಮವಾಗುವುದಿಲ್ಲ. ಒಬ್ಬರಿಗೆ ಐಸಿಂಗಿನ ಹೂವು ಸಿಕ್ಕರೆ ಇನ್ನೊಬ್ಬರಿಗೆ ಪುಡಿಯಾದ ಅಂಚು ಸಿಗುತ್ತದೆ. ಚಪ್ಪಟೆ ಕೇಕಿನಲ್ಲಿ ಸಾಲಿನ ಮೊದಲ ಮಗುವಿಗೂ ಕೊನೆಯ ಮಗುವಿಗೂ ಒಂದೇ ಅಳತೆ. ಗುಂಪಿಗೆ ಕೇಕ್ ಮಾಡಲು ಹೊರಟವರು ಮೊದಲು ಯೋಚಿಸಬೇಕಾದದ್ದು ಇದನ್ನೇ. ರುಚಿಯ ಮಾತು ಆಮೇಲಿನದು.

ಇಲ್ಲಿ ವಿವರಿಸುವ ಕೇಕ್ ದಕ್ಷಿಣ ಕನ್ನಡದ ಪುತ್ತೂರು ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆಯದು. 1980ರ ದಶಕದ ಕೊನೆ ಮತ್ತು 1990ರ ದಶಕದ ಮೊದಲ ವರ್ಷಗಳಲ್ಲಿ, ನವೆಂಬರ್ 14ರ ಮಕ್ಕಳ ದಿನಾಚರಣೆಗೆ ಊರಿನ ಪ್ರಾಥಮಿಕ ಶಾಲೆಗೆ ಆ ಮನೆಯಿಂದ ಕೇಕ್ ಹೋಗುತ್ತಿತ್ತು. ಮಕ್ಕಳು, ಮಾಸ್ತರರು, ಟೀಚರುಗಳು, ಅಡುಗೆಯವರು ಎಲ್ಲ ಸೇರಿದರೆ ನೂರರ ಆಸುಪಾಸಿನ ಲೆಕ್ಕ. ಕೇಕ್ ಮಾಡುತ್ತಿದ್ದವರು ಮನೆಯ ಇಬ್ಬರು ಸೊಸೆಯಂದಿರು. ಹಿರಿಯವರು ಮದುವೆಗೆ ಮೊದಲು ಮಂಗಳೂರಿನಲ್ಲಿ ಓದುತ್ತಿದ್ದಾಗ ನೆರೆಯ ಕ್ರೈಸ್ತ ಮನೆಯಲ್ಲಿ ಕೇಕ್ ಬೇಯಿಸುವುದನ್ನು ನೋಡಿ ಕಲಿತಿದ್ದರು. ಆದರೆ ಅಲ್ಲಿ ಕಲಿತದ್ದು ಮೊಟ್ಟೆ ಹಾಕಿದ ಕೇಕ್. ಗಂಡನ ಮನೆಯಲ್ಲಿ ಮೊಟ್ಟೆ ಹೊಸಿಲು ದಾಟುವಂತಿರಲಿಲ್ಲ. ಆ ಕೇಕಿನ ಎಲ್ಲ ಜಾಣ್ಮೆ ಹುಟ್ಟಿದ್ದು ಈ ಒಂದು ಇಲ್ಲ ಎಂಬುದರಿಂದಲೇ.

ಇನ್ನೊಂದು ಕಡೆಯಿಂದ ನೋಡಿದರೆ, ಚಾಕೊಲೇಟ್ ಕೇಕಿಗೆ ಆ ಮನೆಗಿಂತ ಒಪ್ಪುವ ಜಾಗ ಇರಲಿಲ್ಲ. ಅಡಿಕೆ ಮರಗಳ ನಡುವಿನ ನೆರಳಿನಲ್ಲಿ ಕೊಕ್ಕೋ ಗಿಡಗಳಿದ್ದವು. ದಕ್ಷಿಣ ಕನ್ನಡದ ತೋಟಗಳಿಗೆ ಕೊಕ್ಕೋ ಉಪಬೆಳೆಯಾಗಿ ಬಂದದ್ದು ಚಾಕೊಲೇಟ್ ಕಂಪನಿಯ ಉತ್ತೇಜನದಿಂದ. ಬೆಲೆ ಚೆನ್ನಾಗಿದ್ದಾಗ ಎಲ್ಲರೂ ನೆಟ್ಟರು. 1980ರ ಸುಮಾರಿಗೆ ಬೆಲೆ ಕುಸಿದು ಖಾಸಗಿ ಖರೀದಿದಾರರು ಹಿಂದೆ ಸರಿದಾಗ ಹಲವರು ಗಿಡಗಳನ್ನು ಕಡಿದು ಹಾಕಿದರು. ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಹುಟ್ಟಿದ್ದ ಕ್ಯಾಂಪ್ಕೊ ಸಹಕಾರ ಸಂಸ್ಥೆ ಆಗ ಕೊಕ್ಕೋ ಖರೀದಿಗೂ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕೊಲೇಟ್ ಕಾರ್ಖಾನೆ ತೆರೆಯಿತು. ರೈತರು ತಾವು ಬೆಳೆದದ್ದರಿಂದ ತಾವೇ ಚಾಕೊಲೇಟ್ ಮಾಡುವ ಹಂತಕ್ಕೆ ಬಂದದ್ದು ಸಣ್ಣ ಸಂಗತಿಯಲ್ಲ. ತೋಟದಲ್ಲಿ ಕೊಕ್ಕೋ ಕೊಯ್ಯುತ್ತಿದ್ದ ಮನೆಗೆ ಅದೇ ತಾಲ್ಲೂಕಿನ ಕಾರ್ಖಾನೆಯ ಕೊಕ್ಕೋ ಪುಡಿ ಬರುವಂತಾಯಿತು ಎಂಬುದನ್ನು ಹಿರಿಯರು ಹೆಮ್ಮೆಯಿಂದ ಹೇಳುತ್ತಿದ್ದರು, ಆ ಹೆಮ್ಮೆ ನ್ಯಾಯವಾದದ್ದು.

ಮನೆಯ ಮಕ್ಕಳಿಗೆ ಕೊಕ್ಕೋ ಎಂದರೆ ಮೊದಲು ಬೀಜದ ಸುತ್ತಲಿನ ಬಿಳಿ ತಿರುಳು. ಹಣ್ಣಾದ ಕಾಯಿಯನ್ನು ಕಲ್ಲಿಗೆ ಕುಟ್ಟಿ ಒಡೆದು, ಲೋಳೆಲೋಳೆಯಾದ ಬೀಜಗಳನ್ನು ಬಾಯಿಗೆ ಹಾಕಿ, ಹುಳಿ ಸಿಹಿ ಬೆರೆತ ರಸ ಚೀಪಿ ಬೀಜ ಉಗುಳುವುದು. ಬೀಜ ಕಚ್ಚಿದರೆ ಒಳಗೆ ನೇರಳೆ ಬಣ್ಣ, ನಾಲಿಗೆ ಒಗರಾಗುವಷ್ಟು ಕಹಿ. ಅದರಲ್ಲಿ ಚಾಕೊಲೇಟಿನ ವಾಸನೆಯ ಸುಳಿವೂ ಇಲ್ಲ. ತಿರುಳಿನ ಸಮೇತ ಬೀಜಗಳನ್ನು ರಾಶಿ ಹಾಕಿ ಐದಾರು ದಿನ ಹುದುಗಲು ಬಿಟ್ಟು, ಒಣಗಿಸಿ, ಹುರಿದಾಗಲೇ ಆ ಪರಿಮಳ ಮೂಡುವುದು. ಹುರಿದ ಬೀಜವನ್ನು ಅರೆದು, ಒತ್ತಿ, ಅದರೊಳಗಿನ ಕೊಬ್ಬಿನ ಹೆಚ್ಚಿನ ಪಾಲನ್ನು ತೆಗೆದು, ಉಳಿದ ಹಿಂಡಿಯನ್ನು ಪುಡಿ ಮಾಡಿದರೆ ಸಿಗುವುದು ಕೊಕ್ಕೋ ಪುಡಿ. ಈ ಒತ್ತುವ ಯಂತ್ರಕ್ಕೆ 1828ರಲ್ಲಿ ಹಕ್ಕುಪತ್ರ ಪಡೆದವರು ಆಮ್‌ಸ್ಟರ್‌ಡ್ಯಾಮಿನ ವಾನ್ ಹೌಟನ್ ಮನೆತನದವರು. ಅಗ್ಗದ, ಹಗುರಾದ, ಹಿಟ್ಟಿನೊಂದಿಗೆ ಸುಲಭವಾಗಿ ಬೆರೆಯುವ ಪುಡಿ ಸಿಗದಿದ್ದರೆ ಮನೆಮನೆಯ ಚಾಕೊಲೇಟ್ ಕೇಕ್ ಎಂಬುದೇ ಇರುತ್ತಿರಲಿಲ್ಲ. ಕ್ಷಾರದಲ್ಲಿ ಸಂಸ್ಕರಿಸದ ಕೊಕ್ಕೋ ಪುಡಿ ತುಸು ಆಮ್ಲೀಯ. ಈ ಆಮ್ಲ ಮುಂದೆ ಕೆಲಸಕ್ಕೆ ಬರುತ್ತದೆ.

ಮೊಟ್ಟೆಯ ಕೇಕಿನಲ್ಲಿ ಮೊಟ್ಟೆಗೆ ಎರಡು ಕೆಲಸ. ಕಡೆದಾಗ ಗಾಳಿ ಹಿಡಿದಿಡುತ್ತದೆ. ಬೆಂದಾಗ ಗಟ್ಟಿಯಾಗಿ ಕೇಕಿನ ಮೈಯನ್ನು ಎತ್ತಿ ನಿಲ್ಲಿಸುತ್ತದೆ. ಮೊಟ್ಟೆ ಬಿಟ್ಟರೆ ಗಾಳಿಯನ್ನು ಬೇರೆ ಕಡೆಯಿಂದ ತರಬೇಕು, ಆಧಾರವನ್ನು ಮೈದಾದ ಪಿಷ್ಟದಿಂದಲೇ ಪಡೆಯಬೇಕು. ಮೊದಲನೆಯದಕ್ಕೆ ಉತ್ತರ ಅಡುಗೆ ಸೋಡಾ ಮತ್ತು ಹುಳಿ. ಸೋಡಾ ಹುಳಿಯೊಂದಿಗೆ ಸೇರಿದೊಡನೆ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಆ ಗುಳ್ಳೆಗಳು ಓವನ್ನಿನ ಕಾವಿಗೆ ಹಿಗ್ಗಿ ಹಿಟ್ಟನ್ನು ಉಬ್ಬಿಸುತ್ತವೆ. ಇದೇ ತತ್ವದ ಮೇಲೆ ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ 1843ರಲ್ಲಿ ಬೇಕಿಂಗ್ ಪೌಡರ್ ತಯಾರಿಸಿದರು. ಅವರ ಪತ್ನಿಗೆ ಮೊಟ್ಟೆಯೂ ಯೀಸ್ಟೂ ಒಗ್ಗುತ್ತಿರಲಿಲ್ಲ. ಎರಡನೆಯ ಮಹಾಯುದ್ಧದ ಪಡಿತರದ ಕಾಲದಲ್ಲಿ ಅಮೆರಿಕದ ಮನೆಗಳಲ್ಲಿ ಮೊಟ್ಟೆ, ಹಾಲು, ಬೆಣ್ಣೆ ಮೂರೂ ಇಲ್ಲದ ಚಾಕೊಲೇಟ್ ಕೇಕ್ ಪ್ರಚಾರಕ್ಕೆ ಬಂದಿತ್ತು. ಅದರಲ್ಲಿ ಸೋಡಾಕ್ಕೆ ಜೊತೆ ವಿನಿಗರ್, ಬೆಣ್ಣೆಯ ಬದಲು ಎಣ್ಣೆ. ಒಬ್ಬರ ಮನೆಯಲ್ಲಿ ಕಾಯಿಲೆ, ಇನ್ನೊಬ್ಬರಲ್ಲಿ ಯುದ್ಧ, ಮತ್ತೊಬ್ಬರಲ್ಲಿ ಆಚಾರ. ಕಾರಣ ಬೇರೆ ಬೇರೆಯಾದರೂ ಎಲ್ಲರೂ ಬಂದು ತಲುಪಿದ್ದು ಸೋಡಾ ಡಬ್ಬಿಗೇ.

ಪುತ್ತೂರಿನ ಮನೆಯಲ್ಲಿ ವಿನಿಗರ್ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹಟ್ಟಿಯಲ್ಲಿ ದನಗಳಿದ್ದ ಮನೆ, ಹುಳಿ ಮಜ್ಜಿಗೆಗೆ ಬರವಿಲ್ಲ. ಮಜ್ಜಿಗೆಯ ಹುಳಿ ಸೋಡಾವನ್ನು ಕೆರಳಿಸುವುದರ ಜೊತೆಗೆ ಮೈದಾದ ಅಂಟನ್ನು ಸಡಿಲಗೊಳಿಸಿ ಕೇಕನ್ನು ಮೆದುವಾಗಿಸುತ್ತದೆ, ಕೊಕ್ಕೋದ ಕಹಿಯನ್ನು ತುಸು ದುಂಡಗಾಗಿಸುತ್ತದೆ. ನೀರು ಮತ್ತು ವಿನಿಗರಿನ ಕೇಕ್ ತಿಂದು ನೋಡಿದವರಿಗೆ ಈ ವ್ಯತ್ಯಾಸ ಗೊತ್ತಾಗದೆ ಇರದು. ಮಜ್ಜಿಗೆಯದ್ದೇ ಮೇಲು.

ಅಳತೆ ಟ್ರೇಯಿಂದ ಆರಂಭವಾಗುತ್ತದೆ, ಪಾಕವಿಧಾನದಿಂದಲ್ಲ. ಹದಿನೆಂಟು ಇಂಚು ಉದ್ದ, ಹನ್ನೆರಡು ಇಂಚು ಅಗಲ, ಎರಡು ಇಂಚು ಎತ್ತರದ ಟ್ರೇ ಎಂದರೆ 216 ಚದರ ಇಂಚು. ಎರಡು ಇಂಚಿನ ಚೌಕಗಳಾಗಿ ಕೊಯ್ದರೆ 54 ತುಂಡು. ಅಂಥ ಎರಡು ಟ್ರೇಗೆ 108. ಹತ್ತು ಇಂಚಿನ ದುಂಡು ಪಾತ್ರೆಯ ವಿಸ್ತೀರ್ಣ ಸುಮಾರು 78 ಚದರ ಇಂಚು ಮಾತ್ರ. ಆದ್ದರಿಂದ ದುಂಡು ಪಾತ್ರೆಯ ಅಳತೆಯನ್ನು ದೊಡ್ಡ ಟ್ರೇಗೆ ಏರಿಸುವಾಗ 2.75ರಿಂದ ಗುಣಿಸಬೇಕು. ಕಣ್ಣಂದಾಜಿನಲ್ಲಿ ಇಮ್ಮಡಿ ಮಾಡಿದರೆ ಕೇಕ್ ತೆಳ್ಳಗಾಗಿ ಒಣಗುತ್ತದೆ. ಕಿರಿಯ ಸೊಸೆ ಲೆಕ್ಕದಲ್ಲಿ ಚುರುಕು. ಗುಣಾಕಾರವನ್ನು ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟವರು ಅವರೇ.

ಒಂದು ಟ್ರೇಗೆ ಮೈದಾ 700 ಗ್ರಾಂ, ಸಕ್ಕರೆ 700 ಗ್ರಾಂ, ಕೊಕ್ಕೋ ಪುಡಿ 110 ಗ್ರಾಂ, ಅಡುಗೆ ಸೋಡಾ ಮಟ್ಟಸವಾಗಿ ಮೂರು ಚಹಾ ಚಮಚ, ಉಪ್ಪು ಒಂದೂವರೆ ಚಮಚ, ಹುಳಿ ಮಜ್ಜಿಗೆ 900 ಮಿಲಿಲೀಟರ್, ಎಣ್ಣೆ 300 ಮಿಲಿಲೀಟರ್, ನಿಂಬೆ ರಸ ಎರಡು ದೊಡ್ಡ ಚಮಚ, ವೆನಿಲಾ ಎಸೆನ್ಸ್ ಎರಡು ಚಮಚ. ಎಲ್ಲ ಸೇರಿದರೆ 2.7 ಕಿಲೋಗ್ರಾಮಿನಷ್ಟು ಹಿಟ್ಟು, ತುಂಡಿಗೆ 50 ಗ್ರಾಂ ಬೀಳುತ್ತದೆ. ಸೋಡಾವನ್ನು ಮಾತ್ರ ಕೈ ಬಿಗಿಹಿಡಿದು ಹಾಕಬೇಕು. ಹುಳಿಗೆ ಸಿಗದೆ ಉಳಿದ ಸೋಡಾ ಕಾವಿಗೆ ಸೋಡಿಯಂ ಕಾರ್ಬೋನೇಟ್ ಆಗಿ ನಾಲಿಗೆಗೆ ಸಾಬೂನಿನ ರುಚಿ ಕೊಡುತ್ತದೆ. ಚೂರು ಹೆಚ್ಚಾದ ಸೋಡಾ ಕೊಕ್ಕೋದ ಬಣ್ಣವನ್ನು ಗಾಢವಾಗಿಸುತ್ತದೆ ಎಂಬುದೂ ನಿಜ. ಆದರೆ ಆ ಬಣ್ಣದ ಆಸೆಗೆ ರುಚಿ ಕೆಡಿಸಿಕೊಳ್ಳುವುದು ಸಲ್ಲದು.

ಎಣ್ಣೆಯ ವಿಷಯದಲ್ಲಿ ಮನೆಯಲ್ಲಿ ಎರಡು ಪಕ್ಷವಿತ್ತು. ಅತ್ತೆಯವರಿಗೆ ಗಾಣದಿಂದ ಬಂದ ಹೊಸ ತೆಂಗಿನ ಎಣ್ಣೆಯೇ ಆಗಬೇಕು. ಪೇಟೆಯ ಎಣ್ಣೆಯ ಮೇಲೆ ನಂಬಿಕೆ ಇಲ್ಲ. ಹೊಸ ತೆಂಗಿನ ಎಣ್ಣೆಯ ಪರಿಮಳಕ್ಕೂ ಕೊಕ್ಕೋಗೂ ನಿಜವಾಗಿ ಹೊಂದಿಕೆ ಇದೆ. ಆದರೆ ಅದು 24–25 ಡಿಗ್ರಿಗೆ ಹೆಪ್ಪುಗಟ್ಟುವ ಎಣ್ಣೆ, ಚಳಿಯ ಬೆಳಗಿನಲ್ಲಿ ಕೇಕ್ ಬಿಗಿದುಕೊಳ್ಳುತ್ತದೆ. ತುಸು ಹಳೆಯದಾದರೆ ಕನಟು ವಾಸನೆ ಕೊಕ್ಕೋವನ್ನೂ ಮೀರಿ ಬರುತ್ತದೆ. ಕೊನೆಗೆ ಶಾಲೆಯ ಕೇಕಿಗೆ ಸೂರ್ಯಕಾಂತಿ ಎಣ್ಣೆ, ಮನೆಯ ಕೇಕಿಗೆ ತೆಂಗಿನ ಎಣ್ಣೆ ಎಂದು ರಾಜಿಯಾಯಿತು. ದ್ರವವಾಗಿಯೇ ಉಳಿಯುವ ಎಣ್ಣೆಯ ಕೇಕ್ ಮರುದಿನವೂ ಮೆತ್ತಗಿರುತ್ತದೆ. ಹಿಂದಿನ ದಿನವೇ ಬೇಯಿಸಿಡಬೇಕಾದ ಕೇಕಿಗೆ ಬೆಣ್ಣೆಗಿಂತ ಇದು ಒಳ್ಳೆಯದು.

ಕಲಸುವ ಕ್ರಮ ಚಿಕ್ಕದು. ಮೈದಾ, ಕೊಕ್ಕೋ, ಸೋಡಾ, ಉಪ್ಪನ್ನು ಕೂಡಿಸಿ ಮೂರು ಸಲ ಜರಡಿ ಹಿಡಿಯಬೇಕು. ಕೊಕ್ಕೋ ಗಂಟು ಕಟ್ಟುವ ಪುಡಿ, ಒದ್ದೆಯಾದ ಮೇಲೆ ಆ ಗಂಟು ಒಡೆಯುವುದಿಲ್ಲ. ಸೋಡಾ ಒಂದೇ ಕಡೆ ನಿಂತರೆ ಅಲ್ಲಿ ಹಳದಿ ಚುಕ್ಕೆ, ಕಹಿ ತುತ್ತು. ಸಕ್ಕರೆಯನ್ನು ಮಜ್ಜಿಗೆಯಲ್ಲಿ ಕರಗಿಸಿ, ಎಣ್ಣೆ, ನಿಂಬೆ ರಸ, ಎಸೆನ್ಸ್ ಸೇರಿಸಬೇಕು. ಒದ್ದೆಯದನ್ನು ಒಣಗಿದ್ದಕ್ಕೆ ಸುರಿದು, ಹಿಟ್ಟಿನ ಬಿಳಿ ಗೆರೆ ಮಾಯವಾಗುವವರೆಗೆ ಮಾತ್ರ ಸೌಟಾಡಿಸಿ ನಿಲ್ಲಿಸಬೇಕು. ದೋಸೆ ಹಿಟ್ಟಿಗಿಂತ ತುಸು ಮಂದವಾದ ಹದ. ಇನ್ನೂ ನುಣುಪಾಗಲಿ ಎಂದು ತಿರುವುತ್ತ ಕೂತರೆ ಮೈದಾದ ಅಂಟು ಬಲವಾಗಿ ಕೇಕಿನೊಳಗೆ ಉದ್ದುದ್ದ ಬಿಲಗಳಾಗುತ್ತವೆ, ಮೈ ರಬ್ಬರಾಗುತ್ತದೆ. ಅಲ್ಲೊಂದು ಇಲ್ಲೊಂದು ಸಣ್ಣ ಗಂಟು ಉಳಿದರೆ ಚಿಂತೆಯಿಲ್ಲ.

ಕಲಸಿದ ಹಿಟ್ಟು ಕಾಯುವುದಿಲ್ಲ. ಸೋಡಾ ಮಜ್ಜಿಗೆ ಸೇರಿದ ಕ್ಷಣದಿಂದ ಗುಳ್ಳೆಗಳು ಏಳುತ್ತವೆ, ಅರ್ಧ ಗಂಟೆ ಇಟ್ಟರೆ ಬಹುಪಾಲು ಹಾರಿಹೋಗುತ್ತದೆ. ಗುಂಪಿಗೆ ಕೇಕ್ ಮಾಡುವವರ ನಿಜವಾದ ಕಷ್ಟ ಇಲ್ಲಿಂದ ಶುರು. ಆ ಮನೆಯಲ್ಲಿ ಇದ್ದದ್ದು ಅಲ್ಯೂಮಿನಿಯಮ್ಮಿನ ದುಂಡು ಕರೆಂಟಿನ ಓವನ್, ಮುಚ್ಚಳದ ನಡುವೆ ಗಾಜಿನ ಪುಟ್ಟ ಕಿಟಕಿ. ಕಾವು ಹೆಚ್ಚು ಕಡಿಮೆ ಮಾಡುವ ಗುಂಡಿ ಇಲ್ಲ, ಹಾಕಿದರೆ ಉರಿಯುತ್ತದೆ, ತೆಗೆದರೆ ಆರುತ್ತದೆ. ಅದರಲ್ಲಿ ಹಿಡಿಯುವುದು ಹತ್ತು ಇಂಚಿನ ಒಂದು ಪಾತ್ರೆ. ಎರಡು ಟ್ರೇಯಷ್ಟು ಕೇಕಿಗೆ ಆರು ಸಲ ಬೇಯಿಸಬೇಕು, ಪ್ರತಿ ಸಲಕ್ಕೂ ಬೇರೆಯಾಗಿ ಕಲಸಬೇಕು. ಸಾಲದ್ದಕ್ಕೆ ವೋಲ್ಟೇಜಿನ ಕಾಟ. ತೋಟಗಳ ಪಂಪುಗಳು ಚಾಲೂ ಆದೊಡನೆ ಊರಿನ ದೀಪಗಳು ಕೆಂಪಗಾಗುತ್ತಿದ್ದವು. ಕಾಯಿಸುವ ಸುರುಳಿಯ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. 230 ವೋಲ್ಟಿಗೆ 1000 ವಾಟ್ ಕೊಡುವ ಓವನ್ 180 ವೋಲ್ಟಿಗೆ ಬಂದರೆ ಕೊಡುವುದು ಸುಮಾರು 600 ವಾಟ್. ಮುಕ್ಕಾಲು ಗಂಟೆಯ ಕೇಕ್ ಒಂದೂವರೆ ಗಂಟೆಯಾದರೂ ನಡುವೆ ಹಸಿಯಾಗಿಯೇ ಇರುತ್ತಿತ್ತು. ಮನೆಯವರು ರಾತ್ರಿ ಊಟ ಮುಗಿದು ಊರೆಲ್ಲ ಮಲಗಿದ ಮೇಲೆ, ವೋಲ್ಟೇಜ್ ಏರಿದಾಗ, ಕೂತು ಬೇಯಿಸುತ್ತಿದ್ದರು. ಹೀಗೆ ನಿದ್ದೆಗೆಟ್ಟು ಮಾಡಿದ ಆರು ಕೇಕುಗಳನ್ನು ಚೌಕವಾಗಿ ಕೊಯ್ದರೆ ದುಂಡಿನ ಅಂಚೆಲ್ಲ ವ್ಯರ್ಥ.

ಇದಕ್ಕೆ ಪರಿಹಾರ ಸಿಕ್ಕಿದ್ದು ಪುತ್ತೂರು ಪೇಟೆಯ ಒಂದು ಬೇಕರಿಯ ಕಟ್ಟಿಗೆಯ ಭಟ್ಟಿಯಲ್ಲಿ. ಇಟ್ಟಿಗೆಯ ಕಮಾನಿನ ಆ ಒಲೆಗೆ ಮುಂಜಾನೆ ಬೆಂಕಿ ಹಾಕಿ, ಕೆಂಡ ಎಳೆದು ತೆಗೆದು, ಗೋಡೆ ನೆಲಗಳು ಹೀರಿಕೊಂಡ ಕಾವಿನಲ್ಲೇ ಬ್ರೆಡ್ಡು ಬನ್ನು ಬೇಯಿಸುತ್ತಾರೆ. ಬ್ರೆಡ್ಡಿಗೆ ಬೇಕಾದ 220 ಡಿಗ್ರಿಯ ಕಾವು ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತ ಬಂದು ಕೇಕಿಗೆ ಬೇಕಾದ 170–180ಕ್ಕೆ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಭಟ್ಟಿ ಖಾಲಿ. ಬೇಕರಿಯ ಟ್ರೇಗಳೂ ಅಲ್ಲೇ ಇದ್ದವು. ಸ್ವಲ್ಪ ದುಡ್ಡಿಗೆ, ಹೆಚ್ಚಿನದಾಗಿ ಶಾಲೆಯ ಮಕ್ಕಳಿಗೆಂಬ ಮಾತಿಗೆ, ಬೇಕರಿಯವರು ಒಪ್ಪಿಕೊಂಡರು.

ಕಲಸಿದ ಹಿಟ್ಟನ್ನು ಮನೆಯಿಂದ ಹೊತ್ತೊಯ್ಯುವಂತಿಲ್ಲವಾದ್ದರಿಂದ ಜೀಪಿನಲ್ಲಿ ಹೋಗುತ್ತಿದ್ದದ್ದು ಜರಡಿ ಹಿಡಿದ ಒಣ ಪುಡಿಯ ಎರಡು ಡಬ್ಬಿ, ಮಜ್ಜಿಗೆ ಸಕ್ಕರೆಯ ಮಿಶ್ರಣ ತುಂಬಿದ ಹಾಲಿನ ಕ್ಯಾನು, ದೊಡ್ಡ ಬೋಗುಣಿ, ಸೌಟು. ಬೇಕರಿಯ ಹಿಂದಿನ ಜಗಲಿಯಲ್ಲಿ ಕುಳಿತು ಕಾಯಬೇಕು. ಭಟ್ಟಿಯವನು ಒಳಗೆ ಒಂದು ಚಿಟಿಕೆ ಮೈದಾ ಎಸೆದು ನೋಡುತ್ತಿದ್ದ. ಕಣ್ಣೆದುರೇ ಕಪ್ಪಾದರೆ ಕಾವು ಹೆಚ್ಚು, ನಿಧಾನವಾಗಿ ಹೊಂಬಣ್ಣಕ್ಕೆ ತಿರುಗಿದರೆ ಕೇಕಿಗೆ ಸರಿ.

“ಅಕ್ಕಾ, ಈಗ ಬೇಡ. ಕಾವು ಇನ್ನೂ ಜಾಸ್ತಿ ಉಂಟು. ಮೇಲೆ ಕರಿಯಾಗಿ ಒಳಗೆ ಹಸಿ ಉಳಿದೀತು.”

“ನೀವು ಹೇಳಿದ ಮೇಲೆಯೇ ಕಲಸುವುದು ಅಣ್ಣ. ಕಲಸಿದ ಮೇಲೆ ಕಾಯಲಿಕ್ಕೆ ಆಗುವುದಿಲ್ಲ.”

ಥರ್ಮಾಮೀಟರ್ ಇಲ್ಲದ ಆ ಒಲೆಯ ಮುಂದೆ ಭಟ್ಟಿಯವನ ತೀರ್ಪು ಒಂದು ಸಲವೂ ತಪ್ಪಿದ್ದು ನೆನಪಿಲ್ಲ. ಆ ಕೈಗೆ, ಆ ಕಣ್ಣಿಗೆ ಯಾವ ಉಪಕರಣವೂ ಸಮನಲ್ಲ. ಕೇಕಿನ ಯಶಸ್ಸಿನ ಅರ್ಧ ಪಾಲು ಅವನದು.

ಟ್ರೇಯ ತಳಕ್ಕೆ ಎಣ್ಣೆ ಸವರಿದ ಕಾಗದ, ಬದಿಗಳಿಗೆ ಎಣ್ಣೆ ಮತ್ತು ಮೈದಾ ಲೇಪ. ಹಿಟ್ಟು ಟ್ರೇಯ ಅರ್ಧ ಎತ್ತರ ಮೀರಬಾರದು. ಅಗಲ ಟ್ರೇಯಲ್ಲಿ ಅಂಚು ಬೇಗ ಬೆಂದು ಬಿಗಿದುಕೊಳ್ಳುತ್ತದೆ, ನಡುಭಾಗ ಉಬ್ಬುತ್ತಲೇ ಇದ್ದು ಕೊನೆಗೆ ಗುಡ್ಡವಾಗಿ ಬಿರಿಯುತ್ತದೆ. ಗುಡ್ಡವಾದ ಕೇಕಿನ ಮೇಲೆ ಐಸಿಂಗ್ ನಿಲ್ಲದು, ತುಂಡುಗಳೂ ಸಮವಾಗವು. ಇದನ್ನು ತಡೆಯಲು ಹಳೆಯ ಪತ್ರಿಕೆಯನ್ನು ಪಟ್ಟಿಯಾಗಿ ಮಡಚಿ, ನೀರಿನಲ್ಲಿ ನೆನೆಸಿ, ಟ್ರೇಯ ಹೊರಬದಿಗೆ ಸುತ್ತಿ ಕಟ್ಟುತ್ತಿದ್ದರು. ಒದ್ದೆ ಕಾಗದ ಅಂಚಿನ ಕಾವನ್ನು ತಗ್ಗಿಸುತ್ತದೆ, ಅಂಚೂ ನಡುವೂ ಒಟ್ಟಿಗೆ ಏರುತ್ತವೆ. ಕೆಂಡ ತೆಗೆದ ಭಟ್ಟಿಯಾದ್ದರಿಂದ ಕಾಗದ ಹೊತ್ತಿಕೊಳ್ಳುವ ಭಯವಿರಲಿಲ್ಲ. ಭಟ್ಟಿಗೆ ಇಡುವ ಮುನ್ನ ಟ್ರೇಯನ್ನು ನೆಲಕ್ಕೆ ಎರಡು ಸಲ ಮೆಲ್ಲನೆ ಕುಟ್ಟಿದರೆ ದೊಡ್ಡ ಗುಳ್ಳೆಗಳು ಒಡೆಯುತ್ತವೆ.

ಬೇಯಲು ಮೂವತ್ತೈದರಿಂದ ನಲವತ್ತು ನಿಮಿಷ. ಮೊದಲ ಇಪ್ಪತ್ತು ನಿಮಿಷ ಬಾಗಿಲು ತೆರೆಯಬಾರದು. ಪಿಷ್ಟ ಇನ್ನೂ ಗಟ್ಟಿಯಾಗದ ಹೊತ್ತಿನಲ್ಲಿ ಕಾವು ತಪ್ಪಿದರೆ ಎದ್ದ ಕೇಕ್ ಕುಸಿಯುತ್ತದೆ, ಎತ್ತಿ ಹಿಡಿಯಲು ಮೊಟ್ಟೆಯ ಬಲವೂ ಇಲ್ಲ. ಆಮೇಲೆ ಟ್ರೇಯನ್ನು ಹಿಂದು ಮುಂದಾಗಿ ತಿರುಗಿಸಿಡಬೇಕು, ಭಟ್ಟಿಯ ಒಳಮೂಲೆಗೆ ಕಾವು ಹೆಚ್ಚು. ಬೆಂದದ್ದು ಮೊದಲು ಮೂಗಿಗೆ ತಿಳಿಯುತ್ತದೆ, ಹಸಿ ಹಿಟ್ಟಿನ ವಾಸನೆ ಹೋಗಿ ಕೊಕ್ಕೋದ ಪರಿಮಳ ಜಗಲಿಗೆ ಬರುತ್ತದೆ. ಅಂಚು ಟ್ರೇಯಿಂದ ನೂಲೆಳೆಯಷ್ಟು ಬಿಟ್ಟುಕೊಂಡಿರುತ್ತದೆ, ನಡುವೆ ಬೆರಳಿನಿಂದ ಒತ್ತಿದರೆ ಮತ್ತೆ ಮೇಲೇಳುತ್ತದೆ. ಕೊನೆಯ ಪರೀಕ್ಷೆಗೆ ತೆಂಗಿನ ಗರಿಯ ಹೊಸ ಕಡ್ಡಿ: ನಡುವೆ ಚುಚ್ಚಿ ತೆಗೆದಾಗ ಒಂದೆರಡು ಒದ್ದೆ ಪುಡಿ ಅಂಟಿದ್ದರೆ ಸರಿಯಾದ ಹೊತ್ತು. ಕಡ್ಡಿ ಪೂರ್ತಿ ಒಣಗಿ ಬರುವವರೆಗೆ ಕಾದರೆ ಟ್ರೇಯ ಕಾವೇ ಕೇಕನ್ನು ಇನ್ನಷ್ಟು ಬೇಯಿಸಿ ಒಣಗಿಸಿಬಿಡುತ್ತದೆ.

ಟ್ರೇಗಳ ಮೇಲೆ ತೆಳು ಬಟ್ಟೆ ಹೊದೆಸಿ ಜೀಪಿನ ಹಿಂದಿನ ಸೀಟಿನಲ್ಲಿಟ್ಟು, ಮಕ್ಕಳು ಎರಡೂ ಬದಿಯಲ್ಲಿ ಹಿಡಿದುಕೊಂಡು ಬರುತ್ತಿದ್ದರು. ಮನೆ ಮುಟ್ಟುವಾಗ ಕೇಕ್ ಕೈ ಇಡಬಹುದಾದಷ್ಟು ಬೆಚ್ಚಗೆ. ಐಸಿಂಗಿಗೆ ಅದೇ ಹದ.

ಚಾಕೊಲೇಟ್ ಕೇಕಿನ ಮೇಲೆ ಹಚ್ಚಲು ಹಲವು ದಾರಿಗಳಿವೆ. ಬೆಣ್ಣೆಗೆ ಎರಡು ಪಾಲು ಐಸಿಂಗ್ ಸಕ್ಕರೆ ಹಾಕಿ ಕಡೆಯುವ ಬಟರ್ ಐಸಿಂಗ್ ಎಲ್ಲರಿಗೂ ಗೊತ್ತಿರುವುದು. ಆದರೆ ಬೆಣ್ಣೆ 32–35 ಡಿಗ್ರಿಗೆ ಕರಗುವ ವಸ್ತು. ಕರಾವಳಿಯ ಕಡೆಯ ನವೆಂಬರ್ ಮಧ್ಯಾಹ್ನ ಸುಲಭವಾಗಿ 30 ದಾಟುತ್ತದೆ, ಹೆಂಚಿನ ಮಾಡಿನ ಶಾಲೆಯ ಕೋಣೆಯಲ್ಲಿ ನೂರು ಮಕ್ಕಳು ಕೂತಾಗ ಇನ್ನೂ ಹೆಚ್ಚು. ಕಡೆದ ಐಸಿಂಗ್ ಜಾರಿ ಟ್ರೇಯ ಬದಿಗೆ ಇಳಿಯುತ್ತದೆ. ಬೇಕರಿಗಳು ಇದಕ್ಕಾಗಿಯೇ ವನಸ್ಪತಿ ಬಳಸುತ್ತವೆ. ಅದು ಇನ್ನೂ ಹೆಚ್ಚಿನ ಕಾವಿಗೆ ಕರಗುವುದರಿಂದ ನಿಲ್ಲುತ್ತದೆ, ಆದರೆ ಬಾಯೊಳಗೂ ಕರಗದೆ ಅಂಗುಳಕ್ಕೆ ಮೇಣದಂತೆ ಅಂಟಿಕೊಳ್ಳುತ್ತದೆ. ಚಾಕೊಲೇಟನ್ನು ಕ್ರೀಮಿನಲ್ಲಿ ಕರಗಿಸುವ ಗನಾಶ್ ರುಚಿಯಲ್ಲಿ ಎಲ್ಲಕ್ಕಿಂತ ಮೇಲು, ಖರ್ಚಿನಲ್ಲೂ. ಸೆಕೆಯ ಊರಿನಲ್ಲಿ, ಗುಂಪಿಗೆ, ಕುದಿಸಿ ಸುರಿಯುವ ಐಸಿಂಗೇ ಸರಿ. ಅಮೆರಿಕದ ಟೆಕ್ಸಾಸ್ ಶೀಟ್ ಕೇಕಿನ ಮೇಲೆ ಹಾಕುವುದೂ ಇದನ್ನೇ.

ಒಂದು ಟ್ರೇಗೆ ಬೆಣ್ಣೆ 125 ಗ್ರಾಂ, ಕೊಕ್ಕೋ ಪುಡಿ 30 ಗ್ರಾಂ, ಹಾಲು 100 ಮಿಲಿಲೀಟರ್, ಪುಡಿ ಸಕ್ಕರೆ 450 ಗ್ರಾಂ, ಒಂದು ಚಿಟಿಕೆ ಉಪ್ಪು. ಐಸಿಂಗ್ ಸಕ್ಕರೆಯ ಪೊಟ್ಟಣ ಆಗ ಪೇಟೆಯಲ್ಲಿ ಯಾವಾಗಲೂ ಸಿಗುತ್ತಿರಲಿಲ್ಲ. ಸಕ್ಕರೆಗೆ ಸ್ವಲ್ಪ ಜೋಳದ ಹಿಟ್ಟು ಸೇರಿಸಿ ಮಿಕ್ಸಿಯಲ್ಲಿ ತಿರುವಿ, ತೆಳು ಪಂಚೆಯ ಬಟ್ಟೆಯಲ್ಲಿ ಸೋಸಿಕೊಳ್ಳುವುದು ಅತ್ತೆಯವರ ಪಾಲಿನ ಕೆಲಸ. ಸೋಸದೆ ಹಾಕಿದರೆ ಹಲ್ಲಿಗೆ ಕರಕರ ಸಿಗುತ್ತದೆ. ಬೆಣ್ಣೆ ಮನೆಯದೇ, ಉಪ್ಪಿಲ್ಲದ್ದು. ಕಡೆದು ತೆಗೆದ ಬೆಣ್ಣೆಯನ್ನು ಚೆನ್ನಾಗಿ ತೊಳೆದು ಹುಳಿ ಹೋಗಲಾಡಿಸಿರಬೇಕು. ಬೆಣ್ಣೆ, ಹಾಲು, ಕೊಕ್ಕೋವನ್ನು ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿಟ್ಟು ಕೈಯಾಡಿಸಿ, ಒಂದು ಕುದಿ ಬಂದೊಡನೆ ಇಳಿಸಿ, ಸಕ್ಕರೆ ಹಾಕಿ ಗಂಟಿಲ್ಲದಂತೆ ತಿರುವಿ, ತಡ ಮಾಡದೆ ಕೇಕಿನ ನಡುವಿಗೆ ಸುರಿಯಬೇಕು. ಬಿಸಿ ನೀರಿನಲ್ಲಿ ಅದ್ದಿದ ಚಪ್ಪಟೆ ಸಟ್ಟುಗದಿಂದ ನಡುವಿನಿಂದ ಅಂಚಿಗೆ ತಳ್ಳಬೇಕು. ಐಸಿಂಗ್ ಬಿಸಿ, ಕೇಕ್ ಬೆಚ್ಚಗೆ ಇದ್ದರೆ ಒಂದಿಷ್ಟು ಕೇಕಿನೊಳಕ್ಕೆ ಇಳಿದು ಉಳಿದದ್ದು ಮೇಲೆ ಕನ್ನಡಿಯ ಹೊಳಪಿನಲ್ಲಿ ಹರಡಿಕೊಳ್ಳುತ್ತದೆ. ಕೆಲವೇ ನಿಮಿಷದಲ್ಲಿ ಅದರ ಮೇಲೆ ತೆಳುವಾದ ಕೆನೆ ಕಟ್ಟುತ್ತದೆ. ಆಮೇಲೆ ಮುಟ್ಟಬಾರದು; ಸರಿ ಮಾಡಲು ಹೋದರೆ ಕೆನೆ ಒಡೆದು ಸುಕ್ಕು ಬೀಳುತ್ತದೆ. ಈ ಕೆನೆಯೇ ಕೇಕಿನ ತೇವವನ್ನು ಒಳಗೆ ಮುಚ್ಚಿಡುತ್ತದೆ, ಸೆಕೆಗೂ ಅಲುಗಾಟಕ್ಕೂ ಜಾರುವುದಿಲ್ಲ.

ರಾತ್ರಿಯ ಶತ್ರು ಇರುವೆ. ಅಗಲ ಹರಿವಾಣದಲ್ಲಿ ನೀರು ತುಂಬಿ, ನಡುವೆ ಕವುಚಿದ ಪಾತ್ರೆಯ ಮೇಲೆ ಟ್ರೇ ಇಟ್ಟು, ಅದರ ಮೇಲೆ ಇನ್ನೊಂದು ಟ್ರೇಯನ್ನು ಬೋರಲು ಮುಚ್ಚುತ್ತಿದ್ದರು. ಟ್ರೇಯ ಅಂಚು ಗೋಡೆಗೆ ತಾಗದಂತೆ ನೋಡಿಕೊಳ್ಳುವುದೂ ಮುಖ್ಯ.

ಕೊಯ್ಯುವುದು ಬೆಳಗ್ಗೆ, ಕೇಕ್ ಪೂರ್ತಿ ತಣಿದ ಮೇಲೆ. ಬಿಸಿಯಲ್ಲಿ ಕೊಯ್ದರೆ ಪುಡಿಯಾಗುತ್ತದೆ. ಶಾಲೆಯ ಮರದ ಸ್ಕೇಲನ್ನು ತೊಳೆದು ಒರೆಸಿ, ಟ್ರೇಯ ನಾಲ್ಕೂ ಬದಿಯಲ್ಲಿ ಎರಡೆರಡು ಇಂಚಿಗೆ ಗುರುತು ಹಾಕಿ, ದಾರ ಎಳೆದು ಐಸಿಂಗಿನ ಮೇಲೆ ಗೆರೆ ಮೂಡಿಸಿಕೊಳ್ಳುತ್ತಿದ್ದರು. ಉದ್ದಕ್ಕೆ ಒಂಬತ್ತು, ಅಗಲಕ್ಕೆ ಆರು. ಚೂರಿಯನ್ನು ಪ್ರತಿ ಗೆರೆಗೂ ಬಿಸಿ ನೀರಿನಲ್ಲಿ ಅದ್ದಿ, ಒರೆಸಿ, ಮೇಲಿನಿಂದ ಕೆಳಕ್ಕೆ ಒತ್ತಿ ತೆಗೆಯಬೇಕು, ಗರಗಸದಂತೆ ಎಳೆದಾಡಬಾರದು. 54ರಲ್ಲಿ 26 ಅಂಚಿನ ತುಂಡುಗಳು, 28 ಒಳಗಿನವು. ಅಂಚಿನದ್ದು ತುಸು ಗಟ್ಟಿ, ಅಗಿಯಲು ಹೆಚ್ಚು ಸೊಗಸು. ಒಳಗಿನದ್ದು ಮೆತ್ತಗೆ. ಗಾತ್ರ ಒಂದೇ ಆದ್ದರಿಂದ ಇಷ್ಟದವರು ಅದಲುಬದಲು ಮಾಡಿಕೊಳ್ಳುತ್ತಿದ್ದರು, ದೊಡ್ಡದು ಚಿಕ್ಕದೆಂಬ ತಕರಾರು ಇರಲಿಲ್ಲ. ಬಾಳೆಲೆಯ ಅಂಗೈಯಗಲದ ಹರಕುಗಳ ಮೇಲಿಟ್ಟು ಕೊಡುತ್ತಿದ್ದರು. ಮೊದಲ ಸಾಲಿಗೆ ಒಂದನೇ ತರಗತಿಯವರು, ಕೊನೆಗೆ ಏಳನೆಯವರು, ಆಮೇಲೆ ದೊಡ್ಡವರು. ಆ ಮಕ್ಕಳಲ್ಲಿ ಹೆಚ್ಚಿನವರ ಮನೆಗಳಲ್ಲಿ ಕೊಕ್ಕೋ ಕೊಯ್ಯುವ, ಒಡೆಯುವ ಕೆಲಸ ನಡೆಯುತ್ತಿತ್ತು. ಬೀಜದ ಕಹಿ ಗೊತ್ತಿದ್ದವರಿಗೆ ಅದರಿಂದಲೇ ಆದ ಈ ಸಿಹಿಯನ್ನು ಮೊದಲ ಸಲ ಕೊಡುವುದು ಆ ಇಬ್ಬರು ಸೊಸೆಯಂದಿರಿಗೆ ಎಷ್ಟು ಮುಖ್ಯವಾಗಿತ್ತೆಂದರೆ, ಅಡಿಕೆ ಕೊಯ್ಲಿನ ಗಡಿಬಿಡಿಯ ವರ್ಷದಲ್ಲೂ ಅವರು ಕೇಕ್ ತಪ್ಪಿಸುತ್ತಿರಲಿಲ್ಲ.

ಉಳಿದ ತುಂಡುಗಳು ಮುಚ್ಚಿದ ಡಬ್ಬಿಯಲ್ಲಿ ಹೊರಗಿಟ್ಟರೆ ಎರಡು ಮೂರು ದಿನ ಚೆನ್ನಾಗಿರುತ್ತವೆ. ಅದಕ್ಕಿಂತ ಹೆಚ್ಚಾದರೆ ಕರಾವಳಿಯ ತೇವದ ಗಾಳಿಗೆ ಬೂಷ್ಟು ಬರುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಹೆಚ್ಚು ದಿನ ಬಾಳುತ್ತದೆ, ಆದರೆ ಐಸಿಂಗಿನ ಬೆಣ್ಣೆ ಬಿಗಿದುಕೊಳ್ಳುವುದರಿಂದ ತಿನ್ನುವ ಒಂದು ಗಂಟೆ ಮೊದಲು ಹೊರಗೆ ತೆಗೆಯಬೇಕು.

ಈಗ ಬೇಕರಿಗಳಲ್ಲಿ ಕಟ್ಟಿಗೆಯ ಭಟ್ಟಿಗಳು ಅಪರೂಪ, ಮನೆಗಳಲ್ಲಿ ಕಾವಿನ ಗುಂಡಿಯಿರುವ ಪೆಟ್ಟಿಗೆ ಓವನ್ ಸಾಮಾನ್ಯ. 175 ಡಿಗ್ರಿಗೆ ತಿರುಗಿಸಿಟ್ಟರೆ ಮೈದಾ ಎಸೆದು ನೋಡುವ ಅಗತ್ಯವಿಲ್ಲ. ಹದಿಮೂರು ಇಂಚು ಉದ್ದ, ಒಂಬತ್ತು ಇಂಚು ಅಗಲದ ಟ್ರೇ ಹಿಡಿಸುವಷ್ಟು ದೊಡ್ಡ ಓವನ್ ಇದ್ದರೆ ಮೇಲೆ ಹೇಳಿದ ಅಳತೆಯ ಅರ್ಧಕ್ಕಿಂತ ತುಸು ಹೆಚ್ಚು, ಅಂದರೆ ಮೈದಾ ಸಕ್ಕರೆ 375 ಗ್ರಾಮಿನಂತೆ, ಒಂದು ಸಲಕ್ಕೆ ಸಾಕು. ಅದರಲ್ಲಿ 24 ತುಂಡು ಬರುತ್ತವೆ. ನೂರರ ಹತ್ತಿರದ ಗುಂಪಿಗೆ ನಾಲ್ಕು ಸಲ ಬೇಯಿಸಬೇಕು. ಒಣ ಪುಡಿಯನ್ನು ನಾಲ್ಕು ಪೊಟ್ಟಣ ಕಟ್ಟಿ, ಮಜ್ಜಿಗೆಯ ಮಿಶ್ರಣವನ್ನು ನಾಲ್ಕು ಪಾತ್ರೆಗೆ ಅಳೆದಿಟ್ಟು, ಹಿಂದಿನ ಟ್ರೇ ಓವನ್ನಿನಿಂದ ಹೊರಗೆ ಬಂದ ಮೇಲೆಯೇ ಮುಂದಿನದನ್ನು ಕಲಸಬೇಕು.